ದಾಳಿಂಬೆ ತೋಟದಲ್ಲಿ ಬೀರಿನ ಅಂಗಡಿ

ನನ್ನನ್ನು ಕುಷ್ಟಗಿಗೆ ಕೊಡುವ ಮಾತು ಬಂದಾಗ, ಸಂಬಂಧ ತಂದಿದ್ದ ದೂರದ ಸೋದರಮಾವ ಸಿದ್ದಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, “ಹುಡುಗಂದು ಬಾಟ್ಲಿ ವ್ಯಾಪಾರ ಐತ್ರಿ, ಬಸ್‌ಸ್ಟ್ಯಾಂಡ್ ಎದುರಿಗೇ ಅಂಗಡಿ,” ಎಂದಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, “ಬಾಟ್ಲಿ ಅಂದ್ರ ಔಷಧದ್ದೇನಪಾ?” ಎಂದು ಕೇಳಿದಳು. ಆತ ಕೈಯಲ್ಲಿದ್ದ ಚಹಾದ ಕಪ್ಪನ್ನು ನೋಡುತ್ತ, “ಕುಡಿಯೋರಿಗೆ ಔಷಧನ ಅಕ್ಕ,” ಎಂದ. ಅವ್ವನಿಗೆ ಸಮಾಧಾನವಾಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಆದರೆ ಅದು ಭತ್ತ ನಾಟಿಯ ಹೊತ್ತು, ಕಾಲುವೆಗೆ ನೀರು ಬಿಟ್ಟಿದ್ದರು. ಮಾತು ಬೆಳೆಸಲು ಅವನಿಗೆ ಪುರುಸೊತ್ತಿರಲಿಲ್ಲ.

ಹೆಣ್ಣು ನೋಡಲು ಬಂದ ಹುಡುಗನ ಅಪ್ಪ, ನನ್ನ ಮಾವನವರನ್ನು ಕಂಡ ಮೇಲಂತೂ ಅವ್ವನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಹಣೆಯ ತುಂಬ ವಿಭೂತಿ, ಮಡಿಕೆ ಮುರಿಯದ ಬಿಳಿ ಧೋತರ. ಚಹಾ ಕೊಟ್ಟರೆ ಕೈ ಅಡ್ಡ ಹಿಡಿದು, “ಚಾ ಕುಡಿಯಂಗಿಲ್ರಿ, ಅದೂ ಒಂದು ಅಮಲನ. ಹಾಲಿದ್ರ ಒಂದೀಟು ಕೊಡ್ರಿ,” ಎಂದರು. ಇಂಥವರು ಮಾರುವ ಔಷಧ ಎಷ್ಟು ಗುಣವಾಗಿರಬೇಕು ಎಂದು ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು.

ಮದುವೆಯಾದ ಮೇಲೆ ಮೊದಲ ಸಲ ಬುತ್ತಿ ಕಟ್ಟಿಕೊಂಡು ಕುಷ್ಟಗಿಗೆ ಬಂದ ಅವ್ವ, ಬಸ್ಸಿನಿಂದ ಇಳಿದವಳೇ ಎದುರಿನ ಅಂಗಡಿಯಲ್ಲಿ ಅಳಿಯನನ್ನು ನೋಡಿದಳು. ಅವನ ಹಿಂದೆ ಸಾಲುಸಾಲಾಗಿ ನಿಂತಿದ್ದ ಕಂದು ಬಾಟಲಿಗಳನ್ನು ನೋಡಿದಳು. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆಯೇ ಕುಳಿತುಬಿಟ್ಟಳು. ನಾನು ಹೋಗಿ ಕರೆದುಕೊಂಡು ಬರಬೇಕಾಯಿತು. ದಾರಿಯುದ್ದಕ್ಕೂ ಆಕೆ ಕೇಳಿದ್ದು ಒಂದೇ ಮಾತು: “ನಿಮ್ಮ ಮಾವ ಆ ಪರಿ ವಿಭೂತಿ ಹಚ್ಕೋತಾನಲ್ಲ, ಯಾಕವ್ವ?”

ನಾನು ಹೊಸ ಮದುಮಗಳಾಗಿದ್ದ ಆ ವರ್ಷವೇ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅಂಗಡಿಯ ಲೈಸೆನ್ಸಿನ ಕೆಲಸಕ್ಕೆಂದು ಸಿಂಧನೂರಿನ ಮೇಲೆ ಹಾದು ರಾಯಚೂರಿಗೆ ಹೋಗಿ ಬರುವಷ್ಟರಲ್ಲಿ ಮಾವನವರ ಸೊಂಟ ಹಿಡಿದುಕೊಳ್ಳುತ್ತಿತ್ತು. ಇನ್ನು ಮೇಲೆ ಆ ಕಷ್ಟವಿಲ್ಲವೆಂದು ಅವರು ಓಣಿಗೆಲ್ಲ ಪೇಢೆ ಹಂಚಿದರು. ಕೆಲವೇ ತಿಂಗಳಲ್ಲಿ ಅವರಿಗೆ ಇನ್ನೊಂದು ಲೆಕ್ಕ ಹೊಳೆಯಿತು. “ನಾವು ಸಾಹೇಬ್ರ ಕಡೆ ಹೋಗೂ ದಾರಿ ಸಣ್ಣದಾತು ಅಂತ ಖುಷಿಪಟ್ನೆವ್ವ. ಸಾಹೇಬ್ರು ನಮ್ಮ ಕಡೆ ಬರೂ ದಾರಿನೂ ಅಷ್ಟ ಸಣ್ಣದಾತು ನೋಡು,” ಎಂದರು. ರಾಯಚೂರಿನ ಕಾಲದಲ್ಲಿ ಅಬಕಾರಿಯವರು ಬರುವುದು ಹಬ್ಬ ಬಂದ ಹಾಗೆ. ಕೊಪ್ಪಳದಿಂದ ಅವರು ನೆಂಟರ ಹಾಗೆ ಬಂದು ಹೋಗತೊಡಗಿದರು. ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಬೋರ್ಡಿನ ಅಕ್ಷರ, ಇಲ್ಲಿ ಕುಡಿಯುವಂತಿಲ್ಲ ಎಂಬ ಫಲಕ, ಎಲ್ಲವೂ ನೆಟ್ಟಗಾದವು.

ಮಾವನವರು ತಾವು ಮಾರುವ ಯಾವುದನ್ನೂ ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಆದರೂ ಅವರಿಗೆ ಬೀರಿನ ಮೇಲೆ ಒಂದು ಥರದ ಗೌರವವಿತ್ತು. ಅಂಗಡಿಯ ಎದುರಿನ ಸಾಲಿನಲ್ಲಿ ಯಾವಾಗಲೂ ಬೀರನ್ನೇ ಇಡಿಸುತ್ತಿದ್ದರು, ಗಟ್ಟಿ ಮಾಲು ಹಿಂದಿನ ಸಾಲಿಗೆ. “ಬೀರು ಕುಡದ ಮನಷ್ಯಾ ಜಗಳ ಮಾಡಂಗಿಲ್ಲ. ಮೂತ್ರಕ್ಕ ಹೋಗಿ ಬರೂದ್ರಾಗ ಅವನ ಹೊತ್ತು ಹೋಗತೈತಿ,” ಎನ್ನುವುದು ಅವರ ಸಿದ್ಧಾಂತ.

ಈ ಸಿದ್ಧಾಂತಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಸರಕಾರ ಸಾರಾಯಿ ನಿಲ್ಲಿಸಿದಾಗ. ಪಾಕೀಟು ಹರಿದು ಬಾಯಿಗೆ ಹಿಂಡಿಕೊಂಡು ಕೂಲಿಗೆ ಹೋಗುತ್ತಿದ್ದವರೆಲ್ಲ ಒಮ್ಮೆಲೇ ನಮ್ಮ ಅಂಗಡಿಯ ಮುಂದೆ ನಿಂತರು. ಬಾಟಲಿಗಳನ್ನು ಹೊಸ ಊರಿಗೆ ಬಂದವರಂತೆ ನೋಡುತ್ತಿದ್ದರು. ಒಬ್ಬ ಕಲ್ಲು ಒಡೆಯುವ ಕೆಲಸದವನು ಬೀರು ಕೊಂಡು, ಬಿಸಿಲಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ಬಂಡೆಗೆ ಬಡಿದು ಮುಚ್ಚಳ ತೆಗೆದನಂತೆ. ನೊರೆ ಉಕ್ಕಿ ಮುಖ, ರುಮಾಲು, ಅಂಗಿ ಎಲ್ಲ ತೊಯ್ದವು. ಅರ್ಧ ಬಾಟಲಿ ಹಿಡಿದುಕೊಂಡು ಅದೇ ಸೈಕಲ್ಲಿನಲ್ಲಿ ವಾಪಸು ಬಂದ.

“ಮಾಲಕರ, ಇದು ಕೆಟ್ಟೈತ್ರಿ. ಉಕ್ಕಾಕತ್ತೈತಿ. ಬ್ಯಾರೆ ಕೊಡ್ರಿ.”

“ಕೆಟ್ಟಿಲ್ಲಪಾ. ಅದರ ಗುಣಾನ ಹಂಗ,” ಎಂದರು ಮಾವ.

“ನೀವು ಕುಡದು ನೋಡೀರೇನು?”

ಮಾವನವರು ಮಗನನ್ನು ಕೂಗಿದರು. ನಮ್ಮ ಮನೆಯವರು ಒಳಗಿನಿಂದ ಬಂದು, ತಣ್ಣಗಿದ್ದದ್ದು ಇನ್ನೊಂದು ಕೊಟ್ಟು, ಮುಚ್ಚಳ ತೆಗೆಯುವ ಕ್ರಮವನ್ನೂ ಹೇಳಿ ಕಳಿಸಿದರು. ಆಮೇಲೆ ಕೆಲವು ವಾರ ಅವರ ಕೆಲಸವೇ ಅದಾಯಿತು, ಸಾಲಿ ಮಾಸ್ತರರ ಹಾಗೆ.

ಗಂಡಂದಿರು ಪಾಕೀಟು ಬಿಟ್ಟು ಬಾಟಲಿ ಹಿಡಿದದ್ದು ಹೆಂಡಂದಿರ ಗಮನಕ್ಕೆ ಬರಲು ತಡವಾಗಲಿಲ್ಲ. ಒಂದು ಮುಂಜಾನೆ ಹೆಂಗಸರ ಒಂದು ದೊಡ್ಡ ಗುಂಪು ಅಂಗಡಿಯ ಎದುರು ಬಂದು ಕುಳಿತಿತು. ಮುಂದಾಳು ಊರಿನವರೆಲ್ಲ ತೋಟದವ್ವ ಎಂದು ಕರೆಯುತ್ತಿದ್ದ ವಿಧವೆ ಹೆಂಗಸು. ಊರ ಅಂಚಿನಲ್ಲಿ ಆಕೆಯ ದಾಳಿಂಬೆ ತೋಟವಿತ್ತು. ಹೆಂಗಸರ ಸಂಘ ಕಟ್ಟಿದವಳು. ಸಾರಾಯಿ ಇದ್ದ ಕಾಲದಲ್ಲಿ ಪಾಕೀಟಿನ ಮೂಟೆಗಳನ್ನು ರಸ್ತೆಗೆ ಎಳೆದು ಕಾಲಿನಿಂದ ತುಳಿದವಳು. ಮಾವನವರು ಕೈ ಮುಗಿದುಕೊಂಡು ಹೊರಗೆ ಬಂದರು.

“ಅವ್ವಾರ, ನಂದು ಲೈಸೆನ್ಸ್ ಐತ್ರಿ. ನಾನಂತೂ ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ.”

“ಅದನ್ನ ಕೇಳಾಕತ್ತೀನಿ ಯಪ್ಪಾ,” ಎಂದಳು ಆಕೆ. “ನಿನಗ ಬ್ಯಾಡಾದದ್ದನ್ನ ಊರಿಗೆ ಯಾಕ ಕುಡಸ್ತೀ?”

ಗುಂಪು ಅವರ ಬಾಯಿಯನ್ನೇ ನೋಡಿತು. ಮಾವ ಬಾಯಿ ತೆರೆದರು, ಮುಚ್ಚಿದರು, ಅಂದಿನ ಮಟ್ಟಿಗೆ ಅಂಗಡಿಯ ಬಾಗಿಲನ್ನೂ ಮುಚ್ಚಿದರು. ಮನೆಗೆ ಬಂದು ಊಟಕ್ಕೆ ಕುಳಿತಾಗ ನನಗೆ, “ಆಕಿ ಕೇಳಿದ್ದು ಛಲೋ ಪ್ರಶ್ನೆ ಐತವ್ವ. ನನಗ ಉತ್ತರ ಹೊಳೀಲಿಲ್ಲ,” ಎಂದರು. ಮರುದಿನ ಅಂಗಡಿ ಎಂದಿನಂತೆ ತೆರೆಯಿತು. ಆದರೆ ಆ ಮೇಲೆ ತೋಟದವ್ವ ಎದುರಿಗೆ ಬಂದರೆ ಮಾವನವರು ಓಣಿ ಬದಲಿಸುತ್ತಿದ್ದರು.

ಹೀಗೆ ಸುಮಾರು ಹತ್ತು ವರ್ಷ ನಡೆಯಿತು. ನಮ್ಮ ಮಕ್ಕಳು ದೊಡ್ಡವರಾದರು, ಅಂಗಡಿಗೆ ದೊಡ್ಡ ಫ್ರಿಜ್ಜು ಬಂತು. ಅಂಗಡಿಯ ಪಕ್ಕದಲ್ಲಿ ಆಮ್ಲೆಟ್ ಗಾಡಿ ನಿಲ್ಲಿಸುತ್ತಿದ್ದ ಚಾಚಾ ಹಳೆಯ ಗಾಡಿ ಮಾರಿ ಹೊಸದು ಮಾಡಿಸಿದ. ಅವನೂ ಒಂದು ಹನಿ ಮುಟ್ಟದವನು. “ನಿಮ್ಮ ಮಾವಂದು ಬಾಟ್ಲಿ, ನಂದು ತತ್ತಿ. ಇಬ್ರೂ ನಮ್ಮ ಮಾಲು ಬಾಯಿಗೆ ಹಾಕ್ಕೊಳ್ಳಂಗಿಲ್ಲ. ಇಂಥಾ ಇಮಾನಿನ ಧಂದೆ ಎಲ್ಲೂ ಸಿಗಂಗಿಲ್ಲ ಬೇಟಿ,” ಎಂದು ನನಗೆ ಹೇಳುತ್ತಿದ್ದ. ಅವನಿಗೆ ತತ್ತಿಯೆಂದರೆ ಆಗುತ್ತಿರಲಿಲ್ಲ, ಹೊಟ್ಟೆ ಉಬ್ಬುತ್ತಿತ್ತಂತೆ.

ಆಗ ದಿಲ್ಲಿಯ ದೊಡ್ಡ ಕೋರ್ಟಿನಿಂದ ಆ ಆದೇಶ ಬಂತು. ಹೆದ್ದಾರಿಯಿಂದ ಐನೂರು ಮೀಟರಿನೊಳಗೆ ಮದ್ಯದ ಅಂಗಡಿ ಇರಕೂಡದು. ನಮ್ಮ ಕಡೆ ಜೂನಿನವರೆಗೆ ಲೈಸೆನ್ಸಿನ ಅವಧಿ ಇತ್ತು, ಅದು ಮುಗಿಯುವುದರೊಳಗೆ ಜಾಗ ಬದಲಿಸಬೇಕು. ಪತ್ರಿಕೆಯಲ್ಲಿ ಅದನ್ನು ಓದಿದ ಮಾವನವರು ಕನ್ನಡಕ ತೆಗೆದು ನಮ್ಮ ಮನೆಯವರನ್ನು ಕೇಳಿದರು: “ಕುಷ್ಟಗ್ಯಾಗ ಹೆದ್ದಾರಿ ಇಲ್ಲದ ಜಾಗ ಯಾವುದೈತೋ?”

ಅದೇ ಕಷ್ಟ. ನಮ್ಮದು ಕೂಡುರಸ್ತೆಯ ಊರು. ಹೊಸಪೇಟೆಯಿಂದ ಇಳಕಲ್ಲಿನ ಕಡೆಗೆ ಹೋಗುವ ದೊಡ್ಡ ರಸ್ತೆ ಒಂದಾದರೆ, ಕೊಪ್ಪಳದ ಕಡೆಗೊಂದು, ಗಜೇಂದ್ರಗಡದ ಕಡೆಗೊಂದು, ತಾವರಗೇರಿಯ ಕಡೆಗೊಂದು. ಒಂದರಿಂದ ದೂರ ಓಡಿದರೆ ಇನ್ನೊಂದು ಎದುರಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಮನೆಯವರು ಮೋಟರ್ ಸೈಕಲ್ಲಿನ ಹಿಂದೆ ಅಳತೆಯ ಟೇಪು ಹಿಡಿದ ಒಬ್ಬನನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದರು. ಎಲ್ಲ ರಸ್ತೆಗಳಿಂದಲೂ ದೂರವಾದ ಒಂದು ಓಣಿ ಸಿಕ್ಕರೆ ಅಲ್ಲಿ ಸಾಲಿ ಇರುತ್ತಿತ್ತು. ಸಾಲಿ ಇಲ್ಲದಿದ್ದರೆ ದವಾಖಾನೆ. ಅದೂ ಇಲ್ಲದಿದ್ದರೆ ಗುಡಿ ಅಥವಾ ಮಸೀದಿ. ಇವುಗಳಿಂದಲೂ ದೂರವಿರಬೇಕು ಎನ್ನುವುದು ಹಳೆಯ ಕಾಯಿದೆ.

ಕೊನೆಗೆ ಊರ ಹಿಂಬದಿಗೆ ಒಂದು ಪಾಳು ಮನೆ ಸಿಕ್ಕಿತು. ಅಳತೆ ಸರಿಯಾಗಿತ್ತು, ಹತ್ತಿರ ಏನೂ ಇರಲಿಲ್ಲ. ಮಾಲಕನೂ ಒಪ್ಪಿದ. ಮರುದಿನ ಸುಣ್ಣ ಹೊಡೆಸಲು ಹೋದರೆ ಮನೆಯ ಎದುರಿನ ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ನಿಂತಿತ್ತು. ಮೈತುಂಬ ಕೇಸರಿ ಬಣ್ಣ, ಕಣ್ಣಿಗೆ ಎರಡು ಬೆಳ್ಳಿಯ ಬಿಲ್ಲೆ, ಕೊರಳಲ್ಲಿ ಎಕ್ಕೆಯ ಹೂವಿನ ಸರ. ಸುತ್ತ ಆ ಓಣಿಯ ಹಿರಿಯರು ಕೈ ಕಟ್ಟಿಕೊಂಡು ನಿಂತಿದ್ದರು. ಬಣ್ಣ ಇನ್ನೂ ಆರಿರಲಿಲ್ಲ.

ನಮ್ಮ ಮನೆಯವರಿಗೆ ಸಿಟ್ಟು ನೆತ್ತಿಗೇರಿತು. “ನಿನ್ನೆ ಇದು ಇಲ್ಲಿ ಇರಲಿಲ್ಲ!” ಎಂದು ಕೂಗಿದರು.

“ಹನಮಪ್ಪ ಯಾವಾಗ ಬರಬೇಕು ಅಂತ ಯಾರ್ನೂ ಕೇಳಂಗಿಲ್ಲ ತಮ್ಮಾ,” ಎಂದರು ಒಬ್ಬ ಹಿರಿಯರು.

ಅಷ್ಟರಲ್ಲಿ ಮಾವನವರು ಚಪ್ಪಲಿ ಬಿಟ್ಟು ಹೋಗಿ ಕಲ್ಲಿಗೆ ಅಡ್ಡಬಿದ್ದಿದ್ದರು. ಎದ್ದಾಗ ಹಣೆಯ ವಿಭೂತಿಯ ಮೇಲೆ ಕೇಸರಿಯೂ ಹತ್ತಿತ್ತು. ಮಗನ ತೋಳು ಹಿಡಿದು, “ದೇವರು ಬಂದು ಕುಂತ ಮ್ಯಾಲ ನಾವು ಹೆಂಗ ಜಗಳಾಡೂದು? ನಡಿ, ಬ್ಯಾರೆ ನೋಡೂಣು,” ಎಂದರು. ಮನೆಗೆ ಬಂದು ಅಪ್ಪ ಮಗ ಎರಡು ದಿನ ಮಾತಾಡಲಿಲ್ಲ.

ಊರಿನಲ್ಲಿ ಉಳಿದ ಜಾಗ ಒಂದೇ ಎಂದು ಟೇಪು ಹಿಡಿದವನೇ ನನಗೆ ಹೇಳಿದ. ಹೆದ್ದಾರಿಗಳಿಂದ ದೂರ, ಸಾಲಿಯಿಲ್ಲ, ಗುಡಿಯಿಲ್ಲ, ಕಟ್ಟಡ ಗಟ್ಟಿ, ಖಾಲಿ ಬಿದ್ದಿದೆ. “ಆದ್ರ ಯಜಮಾನ್ರಿಗೆ ಹೇಳಾಕ ನನಗ ಧೈರ್ಯ ಇಲ್ರಿ ಅಕ್ಕಾರ,” ಎಂದ. ಅದು ತೋಟದವ್ವನ ಗೋದಾಮು. ದಾಳಿಂಬೆಯ ಗಿಡಗಳಿಗೆ ಚುಕ್ಕಿ ರೋಗ ಬಂದು ಅರ್ಧ ತೋಟ ಕಿತ್ತುಹಾಕಿದ ಮೇಲೆ, ಹಣ್ಣು ತುಂಬುತ್ತಿದ್ದ ಆ ಗೋದಾಮಿನ ಬಾಗಿಲು ತೆರೆದಿರಲಿಲ್ಲ.

ಗಂಡಸರು ಯಾರೂ ಹೋಗಲು ಸಿದ್ಧರಿರಲಿಲ್ಲ. ನಾನು ಹೋದೆ. ಆಕೆ ಗೇಟಿನ ಹತ್ತಿರ ಹಗ್ಗದ ಹೊರಸಿನ ಮೇಲೆ ಕುಳಿತು ಹಣ್ಣು ಆರಿಸುತ್ತಿದ್ದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ನಾನೂ ಕುಳಿತು ಹಣ್ಣು ಆರಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಕೇಳಿದಳು.

“ನೀ ಬಾಟ್ಲಿಯವರ ಸೊಸಿ ಅಲ್ಲೇನು? ಗೋದಾಮು ಕೇಳಾಕ ಬಂದಿ.”

“ಹೌದ್ರಿ ಅವ್ವಾರ.”

“ನಿಮ್ಮ ಮಾವಗ ನಾಚಿಕಿ ಆಗಂಗಿಲ್ಲೇನು?”

“ಆಗತೈತ್ರಿ. ಅದಕ್ಕ ನನ್ನ ಕಳಿಸ್ಯಾರ.”

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಒಂದು ಹಣ್ಣನ್ನು ತಿರುವಿ ತಿರುವಿ ನೋಡಿ ಬುಟ್ಟಿಗೆ ಹಾಕಿದಳು. ನಾನು ಎದ್ದು ಹೋಗುವುದೇ ಒಳ್ಳೆಯದು ಎಂದುಕೊಳ್ಳುವಷ್ಟರಲ್ಲಿ, “ಕೊಡ್ತೀನಿ,” ಎಂದಳು.

ನಾನು ಆರಿಸುವುದನ್ನು ಬಿಟ್ಟು ಆಕೆಯ ಮುಖ ನೋಡಿದೆ.

“ಯಾಕಂತೀ? ಇಷ್ಟ ವರ್ಷ ಈ ಕುಡುಕರನ್ನ ಹುಡಿಕ್ಕೊಂಡು ಓಣಿ ಓಣಿ ನಾ ಅಡ್ಡಾಡ್ತಿದ್ನಿ. ಮೊಣಕಾಲು ಸವದು ಹೋದ್ವು. ಇನ್ನ ಮ್ಯಾಲ ಅವರ ನನ್ನ ಬಾಗಲಿಗೆ ಬರ್ತಾರ. ನಾ ಈ ಹೊರಸಿನ ಮ್ಯಾಲ ಕುಂತ್ರ ಸಾಕು.”

ಕರಾರು ಎರಡೇ: ತೋಟದೊಳಗೆ ತತ್ತಿ ಬರಕೂಡದು, ಮತ್ತು ಗೇಟಿನ ಹತ್ತಿರದ ಹೊರಸನ್ನು ಯಾರೂ ಸರಿಸಕೂಡದು. ಮನೆಗೆ ಬಂದು ಹೇಳಿದಾಗ ಮಾವನವರು ಮೊದಲನೆಯ ಕರಾರಿಗೆ ಬಹಳ ಸಂತೋಷಪಟ್ಟರು. ಎರಡನೆಯದರ ಅರ್ಥ ಅವರಿಗಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಅಬಕಾರಿ ಸಾಹೇಬರು ಬಂದು ಅಳತೆ ಮಾಡಿಸಿ ಒಪ್ಪಿದರು. ಮೈಸೂರಿನ ಕಡೆಯವರು, ಸಭ್ಯರು. ಬಸ್‌ಸ್ಟ್ಯಾಂಡಿನ ಹಳೆಯ ಅಂಗಡಿಯ ಬಾಗಿಲಿಗೆ ಅಂಗಡಿ ಸ್ಥಳಾಂತರಗೊಂಡಿದೆ ಎಂಬ ಫಲಕ ತೂಗುಹಾಕಿದೆವು. ದಾರಿಯ ಪ್ರತಿ ತಿರುವಿನಲ್ಲಿ ಕಂಬಕ್ಕೆ ಬಾಣದ ಗುರುತು ಬರೆಸಿದೆವು. ಚಾಚಾ ತನ್ನ ಗಾಡಿಯನ್ನು ತಳ್ಳಿಕೊಂಡು ಹಿಂದೆಯೇ ಬಂದ. ಗೇಟಿನಲ್ಲಿ ತತ್ತಿಯ ಟ್ರೇಗಳನ್ನು ನೋಡಿದ ತೋಟದವ್ವ ಅವನನ್ನು ತಡೆದಳು. ಚಾಚಾ ವಾದ ಮಾಡಲಿಲ್ಲ. ಗಾಡಿ ತಿರುಗಿಸಿಕೊಂಡು ಹೋಗಿ, ಸಂಜೆಗೆ ಕಡಲೆಹಿಟ್ಟು ಮತ್ತು ಹಸಿಮೆಣಸಿನಕಾಯಿ ತಂದು ಮಿರ್ಚಿ ಕರಿಯತೊಡಗಿದ. ಮೊದಲ ಮಿರ್ಚಿಯನ್ನು ತಾನೇ ತಿಂದು, “ಯಾ ಅಲ್ಲಾ, ನನ್ನ ಧಂದೆಯಾಗ ನಾ ತಿನ್ನೂ ಮಾಲು ಈಗ ಬಂತು ನೋಡು,” ಎಂದ.

ಮೊದಲ ದಿನ ಗಿರಾಕಿಗಳು ಬಾಣದ ಗುರುತು ಹಿಡಿದು ಉತ್ಸಾಹದಿಂದ ಬಂದರು. ಗೇಟಿನಲ್ಲಿ ತೋಟದವ್ವನನ್ನು ನೋಡಿ ಹಾಗೇ ನಿಂತರು. ಆಕೆ ಯಾರನ್ನೂ ತಡೆಯಲಿಲ್ಲ, ಬೈಯಲಿಲ್ಲ. ವಿಚಾರಿಸುತ್ತಿದ್ದಳು, ಅಷ್ಟೇ.

“ಬಾ ತಮ್ಮಾ. ನಿಮ್ಮವ್ವನ ಕಣ್ಣಿನ ಆಪರೇಷನ್ ಆತೇನು?”

“ಇಲ್ಲವ್ವ, ಇನ್ನೂ ಆಗಿಲ್ಲ.”

“ಆಗಲಿ, ಆಗಲಿ. ಹೋಗು, ನಿನ್ನ ಬಾಟ್ಲಿ ತಗೋ.”

ಆತ ಕೌಂಟರಿನವರೆಗೆ ಬಂದು, ತಲೆ ಕೆರೆದುಕೊಂಡು, ಚಾಚಾನ ಹತ್ತಿರ ಒಂದು ಪ್ಲೇಟು ಮಿರ್ಚಿ ತಿಂದು ವಾಪಸು ಹೋದ. ಇನ್ನೊಬ್ಬನಿಗೆ, “ಹೆಂಡ್ತಿ ಬಾಣಂತಿ ಅದಾಳಂತಲ್ಲ, ಹೆಣ್ಣೋ ಗಂಡೋ?” ಎಂದು ಕೇಳಿದಳು. ಅವನೂ ಹಾಗೇ ಹೋದ. ವ್ಯಾಪಾರ ಬಿದ್ದು ಹೋಯಿತು. ನಮ್ಮ ಮನೆಯವರು ಫ್ರಿಜ್ಜಿಗೆ ಒರಗಿ ನಿಂತು ನನ್ನನ್ನು ನೋಡುವ ನೋಟ ನೋಡಲಾಗುತ್ತಿರಲಿಲ್ಲ. ಮಾವನವರು ಮಾತ್ರ ಮೂರನೆಯ ದಿನ ಒಂದು ನಿರ್ಧಾರಕ್ಕೆ ಬಂದವರಂತೆ ಹೊರಸಿನ ಹತ್ತಿರ ಹೋಗಿ ನಿಂತರು.

“ಅವ್ವಾರ, ಅವತ್ತು ನೀವು ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಹೇಳ್ತೀನ್ರಿ. ನಾ ಮಾರದಿದ್ರ ಮತ್ತೊಬ್ಬ ಮಾರ್ತಾನ.”

ತೋಟದವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇದನ್ನ ಹುಡಕಾಕ ಹತ್ತು ವರ್ಷ ಹಿಡಿತೇನು ನಿನಗ?” ಎಂದಳು. ಆಮೇಲೆ ಹೊರಸಿನ ತುದಿಗೆ ಸರಿದು, “ಕುಂದರು, ಹಾಲು ತರಸ್ತೀನಿ,” ಎಂದಳು. ಅವರು ಚಹಾ ಕುಡಿಯುವುದಿಲ್ಲವೆಂಬುದು ಇಡೀ ಊರಿಗೆ ಗೊತ್ತಿತ್ತು.

ಗಿರಾಕಿಗಳು ಒಂದು ವಾರದಲ್ಲಿ ಉಪಾಯ ಕಂಡುಕೊಂಡರು. ತೋಟದವ್ವನ ಹೊರಸಿನ ಪಕ್ಕದಲ್ಲಿ ಚುಕ್ಕಿ ಬಿದ್ದ ದಾಳಿಂಬೆಯ ಬುಟ್ಟಿ ಇರುತ್ತಿತ್ತು. ಒಳಗೆ ಕಾಳು ಸಿಹಿಯಾಗಿಯೇ ಇದ್ದವು, ಆದರೆ ಸಿಪ್ಪೆಯ ಮೇಲಿನ ಕರಿ ಚುಕ್ಕಿಗಳಿಂದಾಗಿ ಪೇಟೆಯ ವ್ಯಾಪಾರಿಗಳು ಅವನ್ನು ಮುಟ್ಟುತ್ತಿರಲಿಲ್ಲ. ಯಾರೋ ಒಬ್ಬ ಗೇಟಿನಲ್ಲಿ ಆಕೆಯ ಕಣ್ಣು ತಪ್ಪಿಸಲಾಗದೆ, “ಹಣ್ಣಿಗೆ ಬಂದೀನ್ರಿ ಅವ್ವಾರ,” ಎಂದುಬಿಟ್ಟ. ಆಕೆ ಚೀಲದ ತುಂಬ ಹಣ್ಣು ಕೊಟ್ಟು ಒಳ್ಳೆಯ ಮಾತಾಡಿ ಕಳಿಸಿದಳು. ಆತ ಚೀಲ ಹಿಡಿದುಕೊಂಡು ಒಂದು ಸುತ್ತು ಹಾಕಿ, ಗೋದಾಮಿಗೆ ಬಂದು ಹಣ್ಣಿನ ಕೆಳಗೆ ಎರಡು ಬೀರು ಇಟ್ಟುಕೊಂಡು ಹೋದ. ಮರುದಿನದಿಂದ ಎಲ್ಲರೂ ಹಣ್ಣಿಗೇ ಬರತೊಡಗಿದರು. ಬೀರು ಕೊಳ್ಳಬೇಕಾದರೆ ಮೊದಲು ದಾಳಿಂಬೆ ಕೊಳ್ಳಬೇಕು ಎನ್ನುವುದು ಸರಕಾರದ್ದೇ ನಿಯಮವೋ ಎನ್ನುವ ಹಾಗಾಯಿತು. ಪರವೂರಿನ ಒಬ್ಬ ಲಾರಿ ಡ್ರೈವರ್ ನನ್ನನ್ನು ನಿಜವಾಗಿಯೂ ಕೇಳಿದ: “ಅಕ್ಕಾರ, ಈ ಜಿಲ್ಲಾದಾಗ ಎಲ್ಲಾ ಕಡೆ ಹಿಂಗ ಏನ್ರಿ?”

ಕುಷ್ಟಗಿಯ ಮನೆಮನೆಯಲ್ಲೂ ಆ ಮಳೆಗಾಲ ದಾಳಿಂಬೆಯೋ ದಾಳಿಂಬೆ. ಹಿಂದೆಂದೂ ಮಕ್ಕಳಿಗೆ ಒಂದು ಬಾಳೆಹಣ್ಣು ತಂದವರಲ್ಲದ ಅಪ್ಪಂದಿರು ಚೀಲಗಟ್ಟಲೆ ಹಣ್ಣು ತರುತ್ತಿದ್ದರು. ಮೊದಮೊದಲು ಹೆಂಡಂದಿರು ಖುಷಿಪಟ್ಟರು. ಆದರೆ ಆ ಚುಕ್ಕಿಯ ಹಣ್ಣು ಸಿಗುವುದು ಒಂದೇ ತೋಟದಲ್ಲಿ, ಆ ತೋಟದಲ್ಲಿ ಇನ್ನೇನು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಎದುರು ಮನೆಯಾಕೆ ಒಂದು ಸಂಜೆ ಗಂಡನ ಕೈಯಿಂದ ಚೀಲ ಇಸಿದುಕೊಂಡು ಕಟ್ಟೆಯ ಮೇಲೆ ಸುರಿದಳು. ದಾಳಿಂಬೆಗಳು ಉರುಳಿ ಹೋದವು. ಬಾಟಲಿ ನಿಂತಿತು. “ಇದರ ಸಿಪ್ಪಿ ಹೆಂಗ ಸುಲೀಲಿ?” ಎಂದು ಆಕೆ ಕೇಳಿದ್ದು ಓಣಿಗೆಲ್ಲ ಕೇಳಿಸಿತು. ಆ ಮೇಲೆ ನಿಜವಾಗಿಯೂ ಹಣ್ಣಿಗೆಂದೇ ಹೋದವರು ಕೂಡ ಮನೆಯಲ್ಲಿ ಬೈಸಿಕೊಂಡರು. ಊರಿನ ಒಬ್ಬ ಡಾಕ್ಟರು ರಕ್ತ ಕಡಿಮೆಯಿದ್ದವರಿಗೆ ದಾಳಿಂಬೆ ತಿನ್ನಿ ಎಂದು ಹೇಳುವುದನ್ನೇ ನಿಲ್ಲಿಸಿ ಖರ್ಜೂರ ಹೇಳುತ್ತಿದ್ದರೆಂದು ಸುದ್ದಿ.

ಎಲ್ಲಕ್ಕಿಂತ ನೆನಪಿನಲ್ಲಿ ಉಳಿದದ್ದು ಒಂದು ಮಧ್ಯಾಹ್ನ. ಯಲಬುರ್ಗಾದ ಕಡೆಯಿಂದ ಇಳಕಲ್ಲಿಗೆ ಹೊರಟ ಒಂದು ಕಾರು ಬಸ್‌ಸ್ಟ್ಯಾಂಡಿನ ಫಲಕ ನೋಡಿ, ಬಾಣದ ಗುರುತು ಹಿಡಿದು ನಮ್ಮ ಗೇಟಿನವರೆಗೆ ಬಂತು. ಒಳಗೆ ನಾಲ್ವರು ಗಂಡಸರು. ಮುಂದೆ ಕುಳಿತವನು ಕಿಟಕಿಯಿಂದ ಕೈ ಹೊರಗೆ ಹಾಕಿ, “ಅಜ್ಜೀ, ತಣ್ಣಂದು ಐತೇನು?” ಎಂದು ತೋಟದವ್ವನನ್ನೇ ಕೇಳಿದ. ಆಗ ಹಿಂದಿನ ಸೀಟಿನಲ್ಲಿ ಮಲಗಿದ್ದವನು ಎಚ್ಚರವಾಗಿ ಎದ್ದು ಗಾಜು ಇಳಿಸಿದ. ಆತ ತೋಟದವ್ವನ ಅಳಿಯ. ಅಂಗಡಿ ತನ್ನ ಅತ್ತೆಯ ತೋಟಕ್ಕೆ ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಕೌಂಟರಿನ ಹಿಂದಿನಿಂದ ನೋಡುತ್ತಿದ್ದೆ.

“ಅಯ್ಯ, ಅಳಿಯಂದ್ರು!” ಎಂದು ತೋಟದವ್ವ ಎದ್ದು ನಿಂತಳು. “ಹೇಳ್ದ ಕೇಳ್ದ ಬಂದ್ರಲ್ರಿ!”

“ನಿಮ್ಮನ್ನ… ನಿಮ್ಮನ್ನ ನೋಡಾಕ ಬಂದೀವ್ರಿ ಅತ್ತಿ,” ಎಂದ ಆತ. ಮುಂದಿನ ಸೀಟಿನವನ ಕೈ ನಿಧಾನವಾಗಿ ಕಿಟಕಿಯೊಳಗೆ ಹೋಯಿತು.

“ನಾಲ್ಕೂ ಮಂದಿ ನನ್ನ ನೋಡಾಕ ಬಂದೀರಿ?”

“ಹೌದ್ರಿ ಅವ್ವಾರ,” ಎಂದರು ಉಳಿದ ಮೂವರು ಒಟ್ಟಿಗೆ. ಮುಂದಿನವನು, “ಭಾಳ ದಿನದಿಂದ ಅನ್ಕೊಂಡಿದ್ವಿ,” ಎಂದೂ ಸೇರಿಸಿದ.

ಆಕೆ ಬಿಡಲಿಲ್ಲ. ತೋಟದ ಮನೆಯಲ್ಲಿ ಒಲೆ ಹೊತ್ತಿತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ ಚಟ್ನಿ, ಮೊಸರು. ಅಳಿಯ ಬಂದಿದ್ದಾನೆಂದು ಹೋಳಿಗೆಗೆ ಬೇಳೆ ಬೇರೆ ಇಟ್ಟಳು. ಅದು ಬೇಯುವವರೆಗೆ ನಾಲ್ವರೂ ಹೊರಸಿನ ಮೇಲೆ ಸಾಲಾಗಿ ಕುಳಿತಿದ್ದರು. ಅವರ ಎದುರಿಗೆ, ಗೋದಾಮಿನ ತೆರೆದ ಬಾಗಿಲಲ್ಲಿ, ಗಾಜಿನ ಫ್ರಿಜ್ಜು ದೀಪ ಹಚ್ಚಿಕೊಂಡು ನಿಂತಿತ್ತು. ಬಾಟಲಿಗಳ ಮೈಮೇಲೆ ನೀರಿನ ಹನಿ ಇಳಿಯುವುದು ಅಲ್ಲಿಂದಲೂ ಕಾಣುತ್ತಿತ್ತು. ಒಬ್ಬ ಬೇಕೆಂದೇ ಬೆನ್ನು ತಿರುಗಿಸಿ ಕುಳಿತ. ಒತ್ತಾಯಕ್ಕೆ ತಿಂದು ತಿಂದು ಸೊಂಟದ ಬೆಲ್ಟು ಸಡಲಿಸಿಕೊಂಡು ಅವರು ಹೊರಟಾಗ ಸೂರ್ಯ ಇಳಿದಿದ್ದ. ಒಂದು ಬುಟ್ಟಿ ದಾಳಿಂಬೆ ಅವರ ಕಾರಿನ ಡಿಕ್ಕಿಯಲ್ಲಿತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಕಾರಿನ ಧೂಳು ಅಡಗಿದ ಮೇಲೆ ನಾನು ಹೊರಸಿನ ಹತ್ತಿರ ಹೋದೆ. ತೋಟದವ್ವ ಮೊಣಕಾಲು ನೀವಿಕೊಳ್ಳುತ್ತಿದ್ದಳು.

“ನನಗ ತಿಳೀಲಿಲ್ಲ ಅಂತ ತಿಳಕೊಂಡಾನ,” ಎಂದಳು.

“ಮಗಳಿಗೆ ಫೋನ್ ಮಾಡ್ತೀರೇನ್ರಿ?”

ಆಕೆಯ ಮುಖ ಸ್ವಲ್ಪ ಹೊತ್ತು ಬಾಡಿತು. ಆಮೇಲೆ, “ಬ್ಯಾಡ ಬಿಡು. ಇನ್ನೊಮ್ಮಿ ಬರ್ಲಿ. ಇನ್ನೊಮ್ಮಿ ಉಣಸ್ತೀನಿ,” ಎಂದಳು. ಆ ಕಾರು ಮತ್ತೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿದೆ ಮತ್ತೆ ಬದಲಾಯಿತು. ಊರಿನ ಮುನಸಿಪಾಲ್ಟಿಯ ಗಡಿಯೊಳಗಿನ ಅಂಗಡಿಗಳಿಗೆ ಆ ಐನೂರು ಮೀಟರಿನ ಆದೇಶ ಅನ್ವಯಿಸುವುದಿಲ್ಲವೆಂದು ಕೋರ್ಟೇ ಹೇಳಿತಂತೆ. ನಮ್ಮ ಮನೆಯವರು ಪತ್ರಿಕೆ ಹಿಡಿದು ಓಡಿಬಂದರು, ಅವರ ಮುಖದಲ್ಲಿ ಅಂಥ ನಗುವನ್ನು ನಾನು ಮದುವೆಯಲ್ಲಿಯೂ ನೋಡಿರಲಿಲ್ಲ. ಕಾಗದಪತ್ರವೆಲ್ಲ ಸರಿಮಾಡಿಸಿ, ಟೆಂಪೋ ತಂದು ಫ್ರಿಜ್ಜು ಹೇರಿ, ಬಾಣದ ಗುರುತುಗಳಿಗೆ ಸುಣ್ಣ ಬಳಿಸಿ ನಾವು ಬಸ್‌ಸ್ಟ್ಯಾಂಡಿನ ಎದುರಿನ ಹಳೆಯ ಜಾಗಕ್ಕೆ ಬಂದೆವು. ಚಾಚಾ ತತ್ತಿಯನ್ನೂ ತಂದ, ಮಿರ್ಚಿಯನ್ನೂ ಬಿಡಲಿಲ್ಲ. ಮೊದಲ ಸಂಜೆ ಗಿರಾಕಿಗಳು ಜೈಲಿನಿಂದ ಬಿಡುಗಡೆಯಾದವರ ಹಾಗೆ ಬಂದರು. ಒಬ್ಬ ಬಾಟಲಿಯನ್ನು ಬರಿಗೈಯಲ್ಲಿ ಎತ್ತಿ ಹಿಡಿದು, “ಹಣ್ಣಿಲ್ದ! ಹಣ್ಣಿಲ್ದ!” ಎಂದು ಕೂಗಿಕೊಂಡು ಹೋದ.

ಆ ಸಂಭ್ರಮ ವಾರ ತುಂಬುವವರೆಗೂ ಉಳಿಯಲಿಲ್ಲ. ಒಂದು ಮುಂಜಾನೆ ಅಂಗಡಿ ತೆರೆದು ನೋಡಿದರೆ ಎದುರಿನ ಬೇವಿನ ಮರದ ನೆರಳಿನಲ್ಲಿ ಹೊರಸು, ಹೊರಸಿನ ಮೇಲೆ ತೋಟದವ್ವ, ಪಕ್ಕದಲ್ಲಿ ಹಣ್ಣಿನ ಬುಟ್ಟಿ. ಹಿಂಗಾರಿ ಬಿತ್ತನೆಗೆ ಮೊದಲು ಉಳಿದ ಹಣ್ಣು ಮಾರಿ ಮುಗಿಸಬೇಕೆಂದು ಬಂದಿದ್ದಳಂತೆ. ಬಂದವರನ್ನು ಅದೇ ಮಮತೆಯಿಂದ ವಿಚಾರಿಸತೊಡಗಿದಳು.

ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತರು. ಆ ವಾರವೇ ತಪಾಸಣೆಗೆ ಬಂದ ಮೈಸೂರಿನ ಸಾಹೇಬರನ್ನು ಕೂರಿಸಿ, ತಣ್ಣಗೆ ನೀರು ಕೊಟ್ಟು, ಮಾವನವರ ಕಡೆ ಸನ್ನೆ ಮಾಡಿದರು. ಮಾವ ಗಂಟಲು ಸರಿಮಾಡಿಕೊಂಡರು.

“ಸಾಹೇಬ್ರ, ನಮ್ಮ ಅಂಗಡಿ ಸಾಲಿಯಿಂದ ದೂರ ಇರಬೇಕು, ಗುಡಿಯಿಂದ ದೂರ ಇರಬೇಕು ಅಂತ ಕಾಯಿದೆ ಐತಲ್ರಿ. ಹಂಗ ಹಣ್ಣು ಮಾರೋರು ನಮ್ಮಿಂದ ಇಷ್ಟು ದೂರ ಇರಬೇಕು ಅಂತ ಏನರ ಐತೇನ್ರಿ?”

ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ತೋಟದವ್ವ ಅವರಿಗೂ ಕೈ ಮುಗಿದು ನಕ್ಕಳು. ಅವರು ಬಹಳ ಗಂಭೀರವಾಗಿ ಯೋಚಿಸಿ, “ಅದೊಂದು ರೂಲ್ ಇನ್ನೂ ಬಂದಿಲ್ಲ ಯಜಮಾನ್ರೇ,” ಎಂದರು. ಹೋಗುವಾಗ ಅವರೂ ಒಂದು ಚೀಲ ಹಣ್ಣು ಕೊಂಡರು. ಮಾವನವರಿಗೆ ಒಳಗೊಳಗೆ ಖುಷಿಯೇ ಆಗಿತ್ತೆಂದು ನನಗೆ ಅನಿಸಿತು. ಸಂಜೆ ಹಾಲಿನ ಲೋಟ ಹಿಡಿದುಕೊಂಡು ಅವರು ಹೊರಸಿನ ತುದಿಯಲ್ಲಿ ಕುಳಿತಿದ್ದನ್ನು ಎಲ್ಲರೂ ನೋಡಿದರು.

ಹಣ್ಣು ಮುಗಿಯಿತು, ಆಕೆ ಹೊರಸು ಎತ್ತಿಸಿಕೊಂಡು ಹೋದಳು. ಉಳಿದ ಗಿಡಗಳನ್ನೂ ಕಿತ್ತು ಜೋಳ ಬಿತ್ತಿಸಿದಳು. ಗೋದಾಮಿನಲ್ಲಿ ಈಗ ಸಂಘದ ಹೆಂಗಸರು ಖಡಕ್ ರೊಟ್ಟಿ ಬಡಿಯುತ್ತಾರೆ. ಅವಸರದಲ್ಲಿ ನಾವು ಬಿಟ್ಟು ಬಂದಿದ್ದ ಬಾಟಲಿಯ ಮರದ ಹಲಗೆಗಳ ಮೇಲೆ ರೊಟ್ಟಿಗಳು ಆರುತ್ತವೆ. ಹಲಗೆ ಕೇಳಲು ನಮ್ಮ ಮನೆಯವರು ಒಮ್ಮೆ ನನ್ನನ್ನೇ ಕಳಿಸಿದರು. ತೋಟದವ್ವ ಹಲಗೆಯ ಮಾತನ್ನೇ ಎತ್ತಗೊಡಲಿಲ್ಲ. ಒಂದು ದಿಂಡು ರೊಟ್ಟಿ ಕಟ್ಟಿ ಕೈಗಿಟ್ಟು, ಗೇಟಿನವರೆಗೆ ಕುಂಟುತ್ತ ಬಂದು ಹೇಳಿದಳು:

“ನಿನ್ನ ಗಂಡಗ ಹೇಳವಾ. ಮತ್ತೊಮ್ಮಿ ಕಾಯಿದೆ ಬದಲಾದ್ರ ಈ ಸಲ ಗೋದಾಮು ಖಾಲಿ ಇಲ್ಲ ಅಂತ.”